ಏಳನೇ ಫಲಕ

ಬೆಟಗೇರಿಯಿಂದ ಟೆಂಪೋದಲ್ಲಿ ಮೂವತ್ತೊಂದು ಮಕ್ಕಳು, ನಾನು,
ಗಿರಮಿಟ್ಟಿಗೆ ಚುರುಮುರಿ ಬೇರೆ, ಒಗ್ಗರಣೆ ಬೇರೆ,
ವಾಂತಿ ಬಂದರೆ ಮೂಸಲಿಕ್ಕೆ ನಾಲ್ಕು ಲಿಂಬಿಹಣ್ಣು.
ಡಂಬಳ ದಾಟಿದ ಮೇಲೆ ಕಪ್ಪತಗುಡ್ಡ.
ನೆತ್ತಿಯ ಮೇಲೆ ಗಾಳಿಯಂತ್ರಗಳ ಸಾಲು ತಿರುಗುತ್ತಿತ್ತು.
"ಆಕಾಶಾನ ಯಾರೋ ಕಡ್ಯಾಕತ್ತಾರ" ಅಂದಳು ರುಕ್ಸಾರ,
"ಬೆಣ್ಣಿ ಬರೂತನ ಬಿಡೂದಿಲ್ಲ."

ತಪ್ಪಲಿನ ಉದ್ಯಾನದ ಬಾಗಿಲಿಗೆ ಹಸಿರು ಬಾಣ:
ಮಕ್ಕಳ ನಿಸರ್ಗ ದಾರಿ. ಹನ್ನೆರಡು ಫಲಕ. ಒಂದು ತಾಸು.
ಕಾವಲಿನ ದಾವಲಸಾಬ ನಕ್ಕ:
"ಒಂದ ತಾಸು ಅಂದ್ರ ದೊಡ್ಡವರಿಗ್ರಿ ಟೀಚರ್."

ಎಲ್ಲರ ಕೈಗೂ ಹಾಳೆ. ಕಂಡದ್ದಕ್ಕೆ ಗುರುತು ಹಾಕಿರಿ.
ನವಿಲು: ಕಾಣಲಿಲ್ಲ, ಕೂಗಿತು.
ಕೂಗಿಗೆ ಹಾಳೆಯಲ್ಲಿ ಚೌಕ ಇರಲಿಲ್ಲ.
ಚಿಟ್ಟೆ: ಒಂದು, ಸತ್ತದ್ದು.
ಹಾಕಬೇಕೋ ಬೇಡವೋ ಎಂದು ಎರಡು ಪಕ್ಷವಾಗಿ ಜಗಳ,
ನಡುವೆ ಇರುವೆಗಳು ಬಂದು ಹೊತ್ತುಕೊಂಡು ಹೋದವು.

ಬಂದರಿಕೆ ಎಲೆ ತಿಕ್ಕಿ ಮೂಸಿದೆವು.
ಮೂರನೇ ಫಲಕದ ಹಿಂದೆ ಜೇಡನ ಬಲೆ.
ನೇಕಾರರ ಓಣಿಯ ಪದ್ಮವ್ವ
ಸೆರಗು ಪರೀಕ್ಷಿಸುವ ಅಪ್ಪನ ಹಾಗೆ ಒಂದು ಕಣ್ಣು ಮುಚ್ಚಿ ಬಗ್ಗಿದಳು.
"ಲಾಳಿ ಇಲ್ಲದ ಹ್ಯಾಂಗ ನೇದೈತ್ರೀ?
ಆದ್ರ ಇಲ್ಲೊಂದ ಎಳಿ ತಪ್ಪೈತಿ."
ತಪ್ಪಿರಲಿಲ್ಲ.
ಯಾವುದೋ ಹುಳ ಅಲ್ಲಿಂದ ಪಾರಾಗಿ ಹೋಗಿತ್ತು.

ನಾಲ್ಕು, ಐದು ನನಗೆ ನೆನಪಿಲ್ಲ. ಯಾರದೋ ಮೂಗು ಸೋರುತ್ತಿತ್ತು.
ಆರನೆಯದು ಹುತ್ತದ ಮುಂದೆ, ದಪ್ಪ ಅಕ್ಷರ:
ಗೆದ್ದಲು ಕಾಡಿನ ಕಸ ಗುಡಿಸುತ್ತದೆ.
ಏಳನೆಯದಕ್ಕೆ ಬಂದರೆ
ಎರಡು ಕಬ್ಬಿಣದ ಗೂಟ, ನಡುವೆ ಗುಡ್ಡ.

"ಹಲಗಿ ಎಲ್ಲೈತಿ ಕಾಕಾ?"
"ಗೆದ್ದಲ ಓದಿ ಮುಗಿಸ್ಯಾವ" ಅಂದ ದಾವಲಸಾಬ.
"ಏನ ಬರದಿತ್ತು?"
"ನನಗ ಓದಾಕ ಬರೂದಿಲ್ಲವ್ವಾ. ಅವನ್ನ ಕೇಳ್ರಿ."
ಮೂವತ್ತು ಕಿವಿ ಹುತ್ತಕ್ಕೆ ಹತ್ತಿದವು.

ಎಂಟು, ಒಂಬತ್ತು, ಒಣ ಹಳ್ಳ, ಹನ್ನೆರಡು.
ಚುರುಮುರಿ ಕಲಸಿ, ಹಂಚಿ, ಎಣಿಸಿದೆ.
ಮೂವತ್ತು.
ಮತ್ತೆ ಎಣಿಸಿದೆ. ಉಳ್ಳಾಗಡ್ಡಿಯ ಕೈ ನಡುಗಿತು. ಮೂವತ್ತು.
ಹೆಸರು ಕೂಗುತ್ತ ಬಾಣಗಳ ವಿರುದ್ಧ ಓಡಿದೆ,
ಹನ್ನೆರಡರಿಂದ ಕೆಳಗೆ, ತಲೆಕೆಳಗಾದ ಮಗ್ಗಿಯ ಹಾಗೆ,
ಬಾಯಲ್ಲಿ ಬೈಗುಳ ಕಟ್ಟಿಕೊಂಡು.

ಎರಡು ಗೂಟದ ನಡುವೆ ಕೈ ಚಾಚಿ ನಿಂತಿದ್ದ
ಫಕ್ಕೀರೇಶ, ನಾಲ್ಕನೇ ತರಗತಿ,
ಜೂನಿನಿಂದ ಹಾಜರಿಗಲ್ಲದೆ ಬಾಯಿ ತೆರೆಯದವ.
"ಓದ್ರೀ ಟೀಚರ್" ಅಂದ.

ಓದಿದೆ.
ಮೊಣಕಾಲಿಗೆ ಗರಸು ಮಣ್ಣು,
ಅದರ ಮೇಲೆ ಅದಕ್ಕಿಂತ ಕೆಂಪಗೆ ಒಂದು ಗೆರೆ.
ತೋಳಿನುದ್ದಕ್ಕೂ ಉತ್ತರಾಣಿ ಮುಳ್ಳು, ಮೂರು ಸಾಲು,
ನಡುವೆ ಎಲ್ಲೂ ಪೂರ್ಣವಿರಾಮವಿಲ್ಲ.
ಕಿಸೆಯಲ್ಲಿ ಸೀತಾಫಲದ ಬೀಜ, ಎಣಿಸಗೊಡಲಿಲ್ಲ.
ಕಾಲರಿನ ಮೇಲೆ ಒಂದು ಕಟ್ಟಿರುವೆ
ಎಡಕ್ಕೋ ಬಲಕ್ಕೋ ಎಂದು ವಿಚಾರ ಮಾಡುತ್ತಿತ್ತು.
ಗಲ್ಲದ ಮೇಲೆ ಹುತ್ತದ ಗುರುತು. ಕೇಳಿ ಬಂದಿದ್ದಾನೆ.
ಎಲ್ಲಕ್ಕೂ ಕೆಳಗೆ, ಸಣ್ಣ ಅಕ್ಷರದಲ್ಲಿ:
ಚಪ್ಪಲಿ ಒಂದೇ.

"ಮುಗೀತೇನ್ರೀ?"
"ಇಲ್ಲಪಾ. ಸ್ವಲ್ಪ ನಿಂದ್ರು."
ಅಷ್ಟು ಹೊತ್ತು ಗಾಳಿ ಅವನ ಎರಡೂ ಕಂಕುಳ ಕೆಳಗೆ ಹಾದು
ಕರಡದ ಹುಲ್ಲಿಗೆ ಹೋಯಿತು.
ಬೈಗುಳ ಎಲ್ಲಿ ಉದುರಿತೋ, ದಾವಲಸಾಬ ಗುಡಿಸಿರಬೇಕು.

ಇನ್ನೊಂದು ಚಪ್ಪಲಿ ಸಿಗಲಿಲ್ಲ.
ಟೆಂಪೋ ಹತ್ತಿಸಿ ಮತ್ತೆ ಎಣಿಸಿದೆ: ಮೂವತ್ತೊಂದು.
ಆ ಕಟ್ಟಿರುವೆ, ನನಗೆ ಗೊತ್ತಿಲ್ಲದೆ,
ನನ್ನ ಸೆರಗು ಹಿಡಿದು ಬೆಟಗೇರಿತನಕ ಬಂತು.
ಟಿಕೀಟಿಲ್ಲದೆ. ಯಾರ ಓಣಿಗೆ ಇಳಿಯಿತೋ.