ಏಳನೇ ನಂಬರಿನ ಪ್ರತಿ

ಟೊರಾಂಟೊದಿಂದ ಬಂದ ಪೆಟ್ಟಿಗೆಯಲ್ಲಿ ಹನ್ನೊಂದು ಪ್ರತಿ,
ಒಂದೊಂದರ ಬೆನ್ನಿಗೂ ಕೆಂಪು ನಂಬರು.
ಜೊತೆಗೊಂದು ಹಾಳೆ: ನಾಲ್ಕು ಪ್ರದರ್ಶನ, ನೂರಿಪ್ಪತ್ತು ಕುರ್ಚಿ,
ಪೆನ್ಸಿಲ್ಲು ಮಾತ್ರ. ಪರದೆ ಬಿದ್ದ ಹದಿನಾಲ್ಕು ದಿನದೊಳಗೆ
ಗುರುತು ಅಳಿಸಿ ಹಿಂತಿರುಗಿಸತಕ್ಕದ್ದು.
ಆ ‘ತಕ್ಕದ್ದು’ ಬಂದಾಗ ದನಿ ಏರಿಸಿ ಓದಿದೆ,
ಗಣಿ ಕಾರ್ಮಿಕರ ಹಳೆಯ ಸಭಾಂಗಣದಲ್ಲಿ,
ಕೋಟು ಬಿಚ್ಚದೆ ಕೂತಿದ್ದವರಿಗೆ.
ಯಾರೂ ನಗಲಿಲ್ಲ. ಹೀಟರ್ ಮಾತ್ರ ಕೆಮ್ಮಿತು.

ಗಣಿ ಮುಚ್ಚಿ ಇಪ್ಪತ್ತು ವರ್ಷ. ಕೇಪ್ ಬ್ರೆಟನ್ನಿನ ಈ ತುದಿಯಲ್ಲಿ
ಚಳಿಗಾಲಕ್ಕೆ ಉಳಿದಿರುವುದು ಎರಡೇ: ಐಸ್ ಹಾಕಿ, ಮತ್ತು ನಾಟಕ.

ಮೂರನೇ ವಾರ ರಾನಲ್ಡ್ ತನ್ನ ಪ್ರತಿಯನ್ನು
ನ್ಯೂಫೌಂಡ್ಲೆಂಡಿನ ಹಡಗಿನಲ್ಲಿ ಬಿಟ್ಟುಬಂದ. ಏಳನೇ ನಂಬರು.
“ಅದಕ್ಕೇನೀಗ ಎಫಿ, ಲೈಬ್ರರಿಯಲ್ಲಿ ಮಿಷನ್ನಿದೆ,
ಪುಟಕ್ಕೆ ಇಪ್ಪತ್ತೈದು ಸೆಂಟು. ಯಾರಿಗೆ ಗೊತ್ತಾಗುತ್ತೆ?”
ಗೊತ್ತಾಗುವುದಿಲ್ಲ. ಅದು ನಿಜ.
ಕತ್ತಲಲ್ಲಿ ಕೂತವರಿಗೆ ಸುಳ್ಳು ಹೇಳುವ ಕಸುಬು ನಮ್ಮದು,
ಗೊತ್ತಾಗದ ಹಾಗೆ ಮಾಡುವುದರಲ್ಲಿ ಪಳಗಿದ ಕೈ.

ಆದರೆ ನನ್ನ ಬಳಿ ಒಂದು ಕಾಗದವಿತ್ತು.
ಹೋದ ವರ್ಷ ಅವಳದೇ ಇನ್ನೊಂದು ನಾಟಕ ಆಡಿ ಮುಗಿಸಿ
ಚೆನ್ನಾಗಿತ್ತೆಂದು ಬರೆದಿದ್ದೆ, ಲಿಯೋನಾ ಬೂದ್ರೋಗೆ,
ಮಾಂಕ್ಟನ್ನಿನ ಯಾವುದೋ ಆರೈಕೆಮನೆಯ ರಾತ್ರಿಪಾಳಿಯಾಕೆ.
ಉತ್ತರ ಬಂತು, ಔಷಧಿ ಪಟ್ಟಿಯ ಹಿಂಬದಿಯಲ್ಲಿ:
“ನಿಮ್ಮ ನಾಲ್ಕು ರಾತ್ರಿಗೆ ನನ್ನ ಪಾಲು ಸೇರಿತು.
ಕಾರಿಗೆ ಹಿಮದ ಟಯರು ಹಾಕಿಸಿದೆ, ಮುಂದಿನೆರಡಕ್ಕೆ.
ಹಿಂದಿನೆರಡು, ಇನ್ಯಾವುದೋ ಊರು ಆಡಿದಾಗ.”

ಹಾಗಂತ ನಾನೇನು ಸಾಚಾ ಅಲ್ಲ.
ನನ್ನ ಮೊದಲ ನಾಟಕ, ಆರನೇ ತರಗತಿ,
ಸಿಸ್ಟರ್ ಬೆನಡಿಕ್ಟಾ ನೇರಳೆ ಮಸಿಯಲ್ಲಿ ಒತ್ತಿ ಹಂಚಿದ ಹಾಳೆಗಳು.
ಇನ್ನೂ ಒದ್ದೆ. ಸ್ಪಿರಿಟ್ಟಿನ ಘಮ.
ಇಡೀ ತರಗತಿ ಮೊದಲು ಮೂಸಿತು, ಆಮೇಲೆ ಓದಿತು.
ಅದು ಕದ್ದದ್ದು. ಆ ಕಳ್ಳಬಾಗಿಲಿನಿಂದಲೇ ನಾನು ರಂಗಕ್ಕೆ ಬಂದದ್ದು;
ದುಡ್ಡು ಕೊಟ್ಟೇ ತರಬೇಕೆಂದಿದ್ದರೆ
ಮೀನಿನ ಕಾರ್ಖಾನೆಯಲ್ಲಿ ಬಾಯಿಲ್ಲದೆ ನಿಂತಿರುತ್ತಿದ್ದೆ.
ಇವತ್ತಿಗೂ ಅದರ ಮುದುಕಿಯ ಮಾತು ಬಾಯಿಗೆ ಬರುತ್ತದೆ,
ಬರೆದವರ ಹೆಸರು ಬರುವುದಿಲ್ಲ.
ಹಾಳೆಯ ಮೇಲೆ ಅದಿರಲೇ ಇಲ್ಲ.
ಐವತ್ತು ವರ್ಷದ ಋಣ, ಯಾರಿಗೆಂದು ತಿಳಿಯದು.

ರಾನಲ್ಡನಿಗೆ ಇಷ್ಟೆಲ್ಲ ಹೇಳಲಿಲ್ಲ.
ಕಳೆದದ್ದಕ್ಕೆ ಹದಿನೆಂಟು ಡಾಲರ್ ಕಟ್ಟಿಸಿದೆ, ಬೇರೆಯದು ತರಿಸಿದೆ.
ಅದು ಬರುವವರೆಗೆ ಅವನೂ ಮಾರ್ಸೆಲಾಳೂ ಒಂದೇ ಪ್ರತಿ ಹಿಡಿದು
ಭುಜಕ್ಕೆ ಭುಜ ತಾಗಿಸಿ ಜಗಳದ ದೃಶ್ಯ ಓದಿದರು.
ಆ ಜಗಳ ರಂಗದ ಮೇಲೂ ಅಷ್ಟು ಚೆನ್ನಾಗಿ ಬರಲಿಲ್ಲ.

ಆಮೇಲೆ ಅಳಿಸುವ ಕೆಲಸ. ಅಡುಗೆಮನೆಯ ಮೇಜು, ರಬ್ಬರು, ಆರಿದ ಚಹಾ.
‘ಎಡಕ್ಕೆ ದಾಟು’, ‘ಬಟ್ಟಲು ಇಡು’, ‘ಇಲ್ಲಿ ಕೂರಬೇಡ ಮಾರಾಯ’ —
ಮೂರು ತಿಂಗಳ ನಡಿಗೆಯೆಲ್ಲ ಬೂದು ಪುಡಿಯಾಗಿ ಮಡಿಲಿಗೆ.
ಮೂವತ್ತೊಂದನೇ ಪುಟವನ್ನು ಕಿಟಕಿಗೆ ಹಿಡಿದರೆ
ನಮ್ಮದಲ್ಲದ ಒಂದು ಗೀರು: ‘ಈಗಲೇ ಅಳಬೇಡ.’
ನಮಗಿಂತ ಮುಂಚೆ, ಯಾವ ಊರೋ, ಯಾರ ಕೈಯೋ.
ನಾನೂ ಉಜ್ಜಿದೆ. ಕಾಗದ ತೆಳುವಾಯಿತು, ಅದು ಹೋಗಲಿಲ್ಲ.

ಮೇ ತಿಂಗಳಲ್ಲಿ ಹಡಗಿನ ಅಡುಗೆಯವನಿಂದ ಲಕೋಟೆ:
ಏಳನೇ ನಂಬರು, ತೇವಕ್ಕೆ ಉಬ್ಬಿದ್ದು, ಒಳಗೆ ಚೀಟಿ.
“ಎರಡು ಸಲ ಓದಿದೆ. ಅಪ್ಪ ಕೊನೆಗೆ ಬಾಗಿಲು ತೆಗೆಯಬಾರದಿತ್ತು.”
ಟೊರಾಂಟೊಗೆ ಫೋನು ಮಾಡಿದೆ. ಆ ಹುಡುಗಿ ನಕ್ಕಳು,
ದುಡ್ಡು ಕಟ್ಟಿದ್ದೀರಲ್ಲ, ಇನ್ನದು ನಿಮ್ಮದೇ.

ನನ್ನದು. ಕೇಳಿದವರಿಗೆ ಕೊಡುತ್ತೇನೆ.
ಕೊಟ್ಟಾಗ ನನ್ನ ಕೈ ಖಾಲಿಯಾಗಬೇಕು,
ನನಗೆ ಅರ್ಥವಾಗಿರುವ ಕಾನೂನು ಅಷ್ಟೇ.
ಈ ವಾರ ಅಂಚೆಯ ಡಂಕನ್ನನ ಮಗಳು ಒಯ್ದಳು.
ಆಡುವ ಮನಸ್ಸಾದರೆ ಮೊದಲು ಬರೆದು ಕೇಳು, ಎಂದೆ.
ಬಾಗಿಲ ತನಕ ಹೋದವಳು ತಿರುಗಿ,
ಪೆನ್ನಲ್ಲಿ ಗುರುತು ಹಾಕಬಹುದಾ? ಎಂದಳು.
ಸ್ವಲ್ಪ ಯೋಚಿಸಿದೆ.
ಹಾಕು, ಅಂದೆ.