ಹಲ್ಲಿ ಶಕುನ

ಕೀಲಿ ತಿರುವಿದರೆ ಮೊದಲು ನುಡಿಯುವುದು ಎಂಜಿನ್ ಅಲ್ಲ,
ಬಾನೆಟ್ಟಿನೊಳಗೆ ತಗಡಿಗೆ ಅಂಟಿ ಕೂತ
ಪೆಟ್ರೋಲ್ ಪಂಪು.
ಲೊಚ್ ಲೊಚ್ ಲೊಚ್,
ಥೇಟು ಹಲ್ಲಿ.
ನಾಲ್ಕು ಸಲ ನುಡಿದು ಸುಮ್ಮನಾದರೆ ಶುಭ.
ನುಡಿಯುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ.
ನುಡಿಯದೇ ಹೋದರೆ ಇಳಿದು, ಬಾನೆಟ್ ಎತ್ತಿ,
ಸ್ಪ್ಯಾನರಿನಿಂದ ಅದರ ನೆತ್ತಿಗೆ ಮೆಲ್ಲಗೆ ಕುಟ್ಟಬೇಕು,
ಅವ್ವ ನೆಲ ಕುಟ್ಟಿ
ಕೃಷ್ಣ ಕೃಷ್ಣ ಅನ್ನುತ್ತಿದ್ದಳಲ್ಲ, ಹಾಗೆ.

ಜಂಗಮಕೋಟೆಯ ಕೋಳಿಗೂಡಿನಲ್ಲಿ ಸಿಕ್ಕ ಮಾರಿಸ್ ಮೈನರ್ ಇದು.
ಹಿಂದಿನ ಸೀಟಿನಲ್ಲಿ ಕಾವಿಗೆ ಕೂತಿದ್ದ ಹ್ಯಾಟೆ
ನನ್ನ ಕೈ ಕುಕ್ಕಿ ರಕ್ತ ತೆಗೆಯಿತು.
ಪಿಳ್ಳಾಂಜಿನಪ್ಪ ಎರಡು ಲೆಕ್ಕ ಹೇಳಿದ:
ಕಾರಿಗೆ ಇಷ್ಟು,
ಕೋಳಿಗಳಿಗೆ ಬೇರೆ ಗೂಡು ಕಟ್ಟಿಸೋಕೆ ಇಷ್ಟು.
ಮೂರು ವರ್ಷ ಏಳು ತಿಂಗಳು
ತುಕ್ಕು ಕೆರೆದೆ, ಹೊಸ ತಗಡು ಕೂರಿಸಿದೆ,
ಹುಟ್ಟುಬಣ್ಣ ಯಾವುದೆಂದು ಡ್ಯಾಶ್‌ಬೋರ್ಡಿನ ಹಿಂದೆ
ಉಗುರಿನಿಂದ ಕೆದಕಿ ನೋಡಿ
ಅದೇ ಬೂದುಹಸಿರು ಹೊಡೆಸಿದೆ.
ಈಗಲೂ ಗುಂಡಿಗಿಳಿದರೆ
ಸೀಟಿನ ಸಂದಿಯಿಂದ ಒಂದು ಪುಕ್ಕ ಹಾರುತ್ತದೆ.

ಚೆಂದಕ್ಕೇನೂ ಕೊರತೆಯಿಲ್ಲ.
ಚಿಕ್ಕಬಳ್ಳಾಪುರದಲ್ಲಿ ಹಳೇ ಕಾರುಗಳ ಮೆರವಣಿಗೆಯಾದಾಗ
ಮೊಣಕಾಲೆತ್ತರದ ಕಪ್ಪು ಕೊಟ್ಟರು.
ಕಪ್ಪೇನೋ ಶಿಡ್ಲಘಟ್ಟಕ್ಕೆ ಬಂತು,
ಹಿಪ್ಪುನೇರಳೆ ಸೊಪ್ಪಿನ ಟೆಂಪೋದಲ್ಲಿ, ನನ್ನ ತೊಡೆಯ ಮೇಲೆ.
ಕಾರು ರೈಲ್ವೆ ಗೇಟಿನ ಬಳಿಯೇ ರಾತ್ರಿ ಕಳೆಯಿತು.
ಗೇಟು ಕಾಯುವ ಮುನಿಶಾಮಪ್ಪ
ಈಗ ನನ್ನನ್ನು ದೂರದಿಂದ ಕಂಡರೇ ಸಾಕು,
ಬಾವುಟ ಕೆಳಗಿಟ್ಟು ಬಿಂದಿಗೆ ಎತ್ತಿಕೊಳ್ಳುತ್ತಾನೆ.

ಬಿಸಿಲೇರಿದರೆ ಪೆಟ್ರೋಲು ಪೈಪಿನಲ್ಲೇ ಆವಿ,
ಒದ್ದೆ ಟವೆಲ್ಲು ಸುತ್ತು.
ಚಳಿಗೆ ಚೋಕ್ ಎಳೆ,
ಒಂದು ಕೂದಲೆಳೆ ಹೆಚ್ಚು ಎಳೆದೆಯೋ
ಪ್ಲಗ್ಗು ತೊಯ್ದು ಮುನಿಸಿಕೊಳ್ಳುತ್ತದೆ.
ಚಿಂತಾಮಣಿಯಿಂದ ಬಂದ ಬಾಬಾಜಾನ್
ರಬ್ಬರ್ ಪೈಪು ಹಿಸುಕಿ ತೋರಿಸಿದ:
"ಈಗಿನ ಪೆಟ್ರೋಲಿಗೆ ಕಬ್ಬಿನ ಸ್ಪಿರಿಟ್ಟು ಸೇರಿಸ್ತಾರೆ,
ನೋಡಿ, ಕುಡುಕನ ಲಿವರ್ ಆಗೈತೆ."
ಅದು ಬದಲಾಯಿಸಿದರೆ ಡೈನಮೋ,
ಡೈನಮೋ ಕಟ್ಟಿಸಿದರೆ ಎಡಬದಿಯ ಕೈ:
ತಿರುವಿನಲ್ಲಿ ಎತ್ತಿದ್ದು ಇಳಿಯುವುದೇ ಇಲ್ಲ,
ಉತ್ತರ ಗೊತ್ತಿರುವ ಹುಡುಗನ ಹಾಗೆ
ಊರೆಲ್ಲ ಎತ್ತಿಕೊಂಡೇ ಬರುತ್ತದೆ.

ನನ್ನದು ನೂಲು ಬಿಚ್ಚುವ ಕೆಲಸ.
ದಿನಕ್ಕೆ ನೂರು ಸಲ ಎಳೆ ಕಡಿಯುತ್ತದೆ.
ಮುಬೀನಾ ನೋಡುವುದೂ ಇಲ್ಲ,
ಬಿಸಿನೀರಿಗೆ ಬೆರಳದ್ದಿ
ಗೂಡಿನ ತುದಿ ಹಿಡಿದು ಸೇರಿಸುತ್ತಾಳೆ.
ನಾನು ಟೈರಿಗೆ ಒದೆಯುವುದನ್ನು ಕಂಡು ಒಮ್ಮೆ ಕೇಳಿದಳು,
"ಗೂಡಿಗೆ ಒದ್ದರೆ ಎಳೆ ಸಿಗ್ತದಾ ಅಣ್ಣಾ?"
ಮಾತು ಸರಿ.
ಆದರೆ ಅವಳಿಗೆ ಅದಕ್ಕೆ ಕೂಲಿ ಬರುತ್ತದೆ.

ಕಳೆದ ವಾರ ನಾದಿನಿಯ ಗೃಹಪ್ರವೇಶ.
ಚಪ್ಪರ ಕಾಣುವಷ್ಟು ದೂರದಲ್ಲಿ ನಿಂತಿತು.
ಹೊಸ ಸೀರೆಯ ಸರ್ವಮಂಗಳ
ಒಂದು ಮಾತೂ ಆಡದೆ ಆಟೋ ಹತ್ತಿದಳು.
ಆಡಿದ್ದರೆ ಚೆನ್ನಾಗಿತ್ತು.

ನಿನ್ನೆ ರಾತ್ರಿ ಕರೆಂಟು ಹೋದಾಗ
ಶೆಡ್ಡಿಗೆ ಬಂದು ಸ್ಟೀರಿಂಗ್ ಹಿಂದೆ ಕೂತೆ.
"ಸಾಕು, ಮಾರಿಬಿಡ್ತೀನಿ" ಅಂದೆ, ಗಟ್ಟಿಯಾಗಿಯೇ.
ಕೈ ತನ್ನ ಪಾಡಿಗೆ ಕೀಲಿ ತಿರುವಿತ್ತು.
ಲೊಚ್ ಲೊಚ್ ಲೊಚ್ ಲೊಚ್.
ಒಳಗೆ, ನಿದ್ದೆಗಣ್ಣಲ್ಲೇ,
ಸರ್ವಮಂಗಳ ಮಂಚದ ಪಟ್ಟಿ ಕುಟ್ಟಿದ್ದು ಕೇಳಿಸಿತು:
ಕೃಷ್ಣ ಕೃಷ್ಣ.

ಟಾರ್ಚು ಹಿಡಿದು ಪಂಚಾಂಗ ತೆಗೆದೆ.
ಫಲವೆಲ್ಲ ದಿಕ್ಕಿನ ಮೇಲಂತೆ:
ದಕ್ಷಿಣದಲ್ಲಿ ನುಡಿದರೆ ಅಂದದ್ದು ಆಗುತ್ತದೆ,
ಉತ್ತರದಲ್ಲಿ ನುಡಿದರೆ ಇಲ್ಲ.
ಕಾರಿನ ಮೂತಿ ದಕ್ಷಿಣಕ್ಕಿದೆ.
ತಿರುಗಿಸಿ ನಿಲ್ಲಿಸಿದರೆ ಆಯಿತಲ್ಲ, ಅಷ್ಟೇನೂ ಕಷ್ಟವಿಲ್ಲ.
ತಳ್ಳಲು ಈ ಹೊತ್ತಿನಲ್ಲಿ ಯಾರನ್ನು ಎಬ್ಬಿಸಲಿ?
ಸ್ಟಾರ್ಟ್ ಆದರೆ ಸಾಕು.