ಬಾಗಿಲಿಗೆ ಒತ್ತಿಟ್ಟ ಕಲ್ಲು

ಟಾರ್ಪನ್ ಸ್ಪ್ರಿಂಗ್ಸಿನ ದೋಣಿಕಟ್ಟೆಯ ಬೀದಿಯಲ್ಲಿ
ಸ್ಪಂಜಿನಂಗಡಿ. ಮುದುಕಿ ಜಖರೂಲಾ
ಕುರಿಗತ್ತರಿ ಹಿಡಿದು ಕಡಲ ಕೂದಲು ಕತ್ತರಿಸುತ್ತಾಳೆ.
ನಾನು ಒಳಗೆ ಲೆಕ್ಕ ಬರೆಯುವವಳು.
ಮೊಮ್ಮಗ ಮನೋಲಿ, ಆರನೆಯ ಕ್ಲಾಸು, ನೆಲದ ಮೇಲೆ ಬೋರಲು:
'ಅಜ್ಜೀ, ಹಳೇ ಕಾಲದ ವೀರನ ಲಕ್ಷಣ ಬರೆಯಬೇಕು.
ಹುಟ್ಟಿನಲ್ಲೇ ಏನೋ ವಿಚಿತ್ರ ಇರಬೇಕಂತೆ,
ಅಪ್ಪ ಮನುಷ್ಯನಲ್ಲ, ದೇವರು.'

'ನಿಮ್ಮಜ್ಜನ ಅಪ್ಪ ಯಾರೆಂದು ಅವರಮ್ಮ ಬಾಯಿ ಬಿಡಲಿಲ್ಲ.
ದೇವರು ಅಂತಲೇ ಬರಿ. ಊರು ಬೇರೇನೋ ಅಂದಿತ್ತು.'
ಕತ್ತರಿ ಕಚಕ್.

'ದೇವತೆಗಳು ಕೊಟ್ಟ ಆಯುಧ?'
'ಹಿತ್ತಾಳೆ ಟೋಪಿ. ಕೊಟ್ಟವನು ದೇವತೆಯಲ್ಲ,
ದೋಣಿಯ ಧಣಿ. ಕಂತು ಹನ್ನೊಂದು ವರ್ಷ.'

'ಪಾತಾಳಕ್ಕೆ ಇಳಿದು ಬದುಕಿ ಮರಳಬೇಕು.'
ಮುದುಕಿ ಕತ್ತರಿ ಕೆಳಗಿಟ್ಟಳು.
'ದಿನಾ. ಮಧ್ಯಾಹ್ನದೊಳಗೆ ಮೂರು ಸಲ.'
'ಮೂರು ತಲೆಯ ನಾಯಿ ಇತ್ತಾ?'
'ಇಲ್ಲ. ಅಲ್ಲಿನ ಕತ್ತಲೆಗೆ ತಲೆಯೇ ಇರಲಿಲ್ಲ.'

'ಒಂದು ದೋಷ ಇರಲೇಬೇಕು. ಕೋಪ, ಇಲ್ಲಾ ಗರ್ವ.
ಒಬ್ಬನಿಗೆ ಹಿಮ್ಮಡಿಯಲ್ಲಿತ್ತಂತೆ ಸಾವು.'
'ಇವನಿಗೆ ಮಂಡಿಯಲ್ಲಿತ್ತು.
ಕೆಳಗೆ ಹೋಗುವುದು ಯಾವ ಬಂಡೆಗೂ ಗೊತ್ತು.
ಮೇಲೆ ಬರುವಾಗ ಅಲ್ಲಲ್ಲಿ ನಿಲ್ಲಬೇಕು
ಮೆಟ್ಟಿಲಲ್ಲಿ ದಣಿವಾರಿಸಿಕೊಳ್ಳುವ ಮುದುಕರ ಹಾಗೆ.
ಅವತ್ತು ನನಗೆ ನೋವು ಶುರುವಾಗಿತ್ತು, ನಿಮ್ಮಪ್ಪನ ಹೆರಿಗೆ.
ಸುದ್ದಿ ಹಗ್ಗದಲ್ಲಿ ಇಳಿಯಿತು, ಅವನು ಸರಸರ ಏರಿದ.
ರಕ್ತದಲ್ಲಿ ಸೋಡಾ ಬಾಟಲಿ ಒಡೆದ ಹಾಗೆ ಗುಳ್ಳೆ.
ಆಮೇಲೆ ಇಪ್ಪತ್ತಾರು ವರ್ಷ
ಈ ಕುರ್ಚಿ, ಈ ಕತ್ತರಿ.'
'ಆತುರ ಅಂದರೆ ಗರ್ವವಾ ಅಜ್ಜಿ?'
'ನಿಮ್ಮ ಮೇಷ್ಟರನ್ನು ಕೇಳು.'

ನಾನು ಸುಮ್ಮನಿರಲಾರದೆ ಹೇಳಿದೆ:
ನಮ್ಮ ಕಡೆ ವೀರನಿಗೆ ಕಲ್ಲು ನಿಲ್ಲಿಸುತ್ತಾರೆ, ಮೂರು ಅಂತಸ್ತು.
ಕೆಳಗೆ ತುರುಗಳಿಗಾಗಿ ಕಾದು ಬಿದ್ದವನು,
ನಡುವೆ ತೋಳು ಹಿಡಿದೆತ್ತುವ ಅಪ್ಸರೆಯರು,
ತುದಿಯಲ್ಲಿ ಸೂರ್ಯ, ಚಂದ್ರ.
ಅಲ್ಲಿಯೂ ಏರುವುದೇ.
ಆದರೆ ಯಾರೂ ಆತುರ ಮಾಡುವುದಿಲ್ಲ, ಕಲ್ಲಲ್ಲವೇ.

ನಕ್ಕಳು, ಹಲ್ಲಿಲ್ಲದ ಎಡಗಡೆಯಿಂದ.
'ಕಲ್ಲಾ? ಇದೆಯಲ್ಲ.'
ಗಾಳಿಗೆ ಬಾಗಿಲು ಬಡಿಯದಂತೆ ಒತ್ತಿಟ್ಟದ್ದು,
ನಾನು ನಿತ್ಯ ಎಡವುವುದು: ಚಪ್ಪಟೆ, ಬಿಳಿಚು,
ಒಂದು ತುದಿಗೆ ಹಗ್ಗದ ತೂತು.
'ಟೋಪಿ ಬರುವ ಮೊದಲು ಅವನ ಸೋದರಮಾವಂದಿರು
ಇದನ್ನು ಅಪ್ಪಿಕೊಂಡೇ ಮುಳುಗುತ್ತಿದ್ದದ್ದು.'

ಮನೋಲಿ ಪುಟ ತಿರುವಿದ.
'ಕೊನೆಯದು. ವೀರ ಹೇಗೆ ಸಾಯುತ್ತಾನೆ?'
ಕಡಲ ಕಡೆಯಿಂದ ಗಾಳಿ. ಬಾಗಿಲು ಅಲುಗಲಿಲ್ಲ.
'ನಿದ್ದೆಯಲ್ಲಿ, ಒಂದು ಮಂಗಳವಾರ.
ಅದನ್ನು ಬರೆಯಬೇಡ, ಅಂಕ ಕಳೆಯುತ್ತಾರೆ.'